ಪ್ರವಾಸಿಯಲ್ಲದ ಪ್ರವಾಸಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಬಾಲಿ ದ್ವೀಪದ ಹಾಸ್ಟೆಲ್ಲುಗಳಲ್ಲಿ ಮೇಲಿನ ಮಂಚದಲ್ಲೂ ಕೆಳಗಿನ ಮಂಚದಲ್ಲೂ ಮಲಗಿರುವ ಸಮಸ್ತರಿಗೆ

ವಿಷಯ: ಬೆನ್ನುಚೀಲದ ಪ್ರವಾಸಿಯ ಉಗಮ, ವಾಸಸ್ಥಾನ, ಆಯವ್ಯಯ ಮತ್ತು ನಿಯಮಗಳ ಬಗ್ಗೆ

ಮಾನ್ಯರೇ,

ಬೆನ್ನುಚೀಲದ ಪ್ರವಾಸಿ, ಅಂದರೆ ಬ್ಯಾಕ್‌ಪ್ಯಾಕರ್, ತಾನು ಪ್ರವಾಸಿ ಎಂದು ಒಪ್ಪಿಕೊಳ್ಳದ ಪ್ರವಾಸಿ. ಇಂಡೊನೇಷ್ಯಾದ ಬಾಲಿ ದ್ವೀಪದ ಜನಸಂಖ್ಯೆ ಸುಮಾರು 44 ಲಕ್ಷ. 2024ರಲ್ಲಿ ಅಲ್ಲಿಗೆ ಬಂದುಹೋದ ವಿದೇಶಿಯರು 63 ಲಕ್ಷಕ್ಕೂ ಹೆಚ್ಚು. ಇಷ್ಟಿದ್ದರೂ ಅಲ್ಲಿನ ಯಾವ ಹಾಸ್ಟೆಲ್ಲಿನ ಪಡಸಾಲೆಯಲ್ಲಿ ವಿಚಾರಿಸಿದರೂ ಪ್ರವಾಸಿ ಎನ್ನುವವನು ಒಬ್ಬನೂ ಸಿಗುವುದಿಲ್ಲ. ಒಬ್ಬ ಅಲೆಮಾರಿ, ಇನ್ನೊಬ್ಬಳು ಸಾಧಕಿ, ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವನು ಡಿಜಿಟಲ್ ನೊಮ್ಯಾಡ್. ಪ್ರವಾಸಿಗಳೇನಿದ್ದರೂ ಪಕ್ಕದ ಸ್ಟಾರ್ ಹೋಟೆಲ್ಲಿನವರು. ಹೀಗಾಗಿ ಈ ಪತ್ರಕ್ಕೆ ಮಧ್ಯಮ ಪುರುಷ ಸಿಗಲಿಲ್ಲ. ಅಂಥ ಚೀಲವನ್ನು ಒಮ್ಮೆಯೂ ಹೊರದ ಉತ್ತಮ ಪುರುಷನೂ ಸಿಗಲಿಲ್ಲ. ವ್ಯಾಕರಣದಲ್ಲಿ ಉಳಿಯುವುದು ಪ್ರಥಮ ಪುರುಷ ಮಾತ್ರ; ಇಡೀ ಪತ್ರ ಅದರಲ್ಲೇ ಇದೆ.

1. ಉಗಮ

ಹಾಸ್ಟೆಲ್ಲನ್ನು ಹುಟ್ಟುಹಾಕಿದವರು ಒಬ್ಬ ಶಾಲಾ ಮಾಸ್ತರು. ಜರ್ಮನಿಯ ರಿಚರ್ಡ್ ಶಿರ್ಮನ್ 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಬಿರುಮಳೆಗೆ ಸಿಕ್ಕಿ, ಹಳ್ಳಿಯೊಂದರ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ಮಕ್ಕಳು ತಂಗಬಹುದಲ್ಲ ಎಂಬ ಯೋಚನೆ ಅಲ್ಲಿ ಮೊಳೆಯಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಅದು ಕಾಯಂ ತಂಗುದಾಣವಾಯಿತು. ಪಟ್ಟಣದ ಮಕ್ಕಳಿಗೆ ಗಾಳಿ ಬೆಳಕು ಸಿಗಲಿ ಎಂಬುದು ಮಾಸ್ತರ ಆಸೆ. ಈಚಿನ ಮಕ್ಕಳು ಮಧ್ಯಾಹ್ನ ಹನ್ನೆರಡಕ್ಕೆ ಏಳುವುದರಿಂದ ಗಾಳಿ ಎಸಿಯಿಂದಲೂ ಬೆಳಕು ಫೋನಿನಿಂದಲೂ ದೊರೆಯುತ್ತಿದೆ.

ಬಾಲಿಗೆ ಬೆನ್ನುಚೀಲ ತಲುಪಿದ್ದು ಹಿಪ್ಪಿಗಳ ಕಾಲದಲ್ಲಿ. ಅವರ ದಾರಿಯಲ್ಲಿ ಮೂರು ‘ಕ’ಗಳಿದ್ದವು: ಕಾಬೂಲ್, ಕಠ್ಮಂಡು, ಕುಟಾ. ಕುಟಾ ಆಗ ಬಾಲಿಯ ದಕ್ಷಿಣ ತೀರದ ಮೀನುಗಾರರ ಊರು. ಅಲ್ಲಿನ ಮನೆಯವರು ಅಂಗಳದ ಒಂದು ಕೋಣೆಯನ್ನು ಬಾಡಿಗೆಗೆ ಬಿಡುತ್ತಿದ್ದರು. ಇಂಥ ಬಿಡಾರಕ್ಕೆ ಲೊಸ್ಮೆನ್ ಎಂದು ಹೆಸರು. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಲೋನ್ಲಿ ಪ್ಲಾನೆಟ್ ಶುರುಮಾಡಿ, 1975ರಲ್ಲಿ ಕಡಿಮೆ ಕಾಸಿನಲ್ಲಿ ಆಗ್ನೇಯ ಏಷ್ಯಾ ಸುತ್ತುವ ಕೈಪಿಡಿಯನ್ನು ಅಚ್ಚು ಹಾಕಿದರು. ಯಾರಿಗೂ ಗೊತ್ತಿಲ್ಲದ ಜಾಗಗಳ ಪಟ್ಟಿ ಹೀಗೆ ಎಲ್ಲರ ಚೀಲ ಸೇರಿತು.

ಅಂದಿನಿಂದ ಪ್ರತಿ ತಲೆಮಾರಿನ ಬೆನ್ನುಚೀಲವೂ ಮುಂದಿನ ತಲೆಮಾರಿಗೆ ಹೇಳುವ ಮಾತು ಒಂದೇ: ಬಾಲಿ ಹತ್ತು ವರ್ಷದ ಹಿಂದೆ ಚೆನ್ನಾಗಿತ್ತು. ಮೆಕ್ಸಿಕೊದ ಕಲಾವಿದ ಮಿಗೆಲ್ ಕೊವರೂಬಿಯಾಸ್ 1937ರಲ್ಲಿ ಬಾಲಿಯ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲೂ ಈ ದ್ವೀಪದ ಬದುಕು ಕೈತಪ್ಪಿ ಹೋಗುತ್ತಿದೆ ಎಂಬ ಆತಂಕವಿದೆ. ಲೆಕ್ಕ ಹಾಕಿದರೆ ಬಾಲಿ ಕೆಡಲು ಶುರುವಾಗಿ ತೊಂಬತ್ತು ವರ್ಷವಾಗುತ್ತ ಬಂತು. ಕೆಡಿಸಿದವರು ಮಾತ್ರ ಯಾವಾಗಲೂ ಆಮೇಲೆ ಬಂದವರು.

2. ವಾಸಸ್ಥಾನ

ಕನ್ನಡ ನಾಡಿನಲ್ಲಿ ಹಾಸ್ಟೆಲ್ ಎಂದರೆ ವಾರ್ಡನ್, ತೆಳ್ಳನೆಯ ಸಾರು, ಸ್ನಾನದ ಮನೆಯ ಮುಂದೆ ಬಕೆಟ್ಟಿನ ಸಾಲು, ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ. ಪರೀಕ್ಷೆ ಮುಗಿದ ದಿನವೇ ಟ್ರಂಕು ಹೊತ್ತು ಅಲ್ಲಿಂದ ಪಾರಾದ ಹುಡುಗ ಹತ್ತು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಾನೆ. ಆಮೇಲೆ, 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ ಶುರುವಾದ ನೇರ ವಿಮಾನ ಹತ್ತಿ, ಅದೇ ಕಬ್ಬಿಣದ ಮಂಚಕ್ಕೆ ದಿನದ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಾನೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂಬ ಗಾದೆ ಇಷ್ಟು ದೂರ ಹೋದದ್ದು ಇದೇ ಮೊದಲು.

ಬಾಲಿಯ ಹಾಸ್ಟೆಲ್ ಕೋಣೆಯಲ್ಲಿ ಸಾಮಾನ್ಯವಾಗಿ ಎಂಟು, ಹತ್ತು ಮಂಚಗಳು ಎರಡು ಅಂತಸ್ತಿನಲ್ಲಿರುತ್ತವೆ. ಮೇಲಿನವನು ಮಗ್ಗುಲು ಬದಲಿಸಿದರೆ ಕೆಳಗಿನವನಿಗೆ ಭೂಕಂಪದ ಅನುಭವ. ಪ್ರತಿ ಮಂಚಕ್ಕೂ ಒಂದು ಪರದೆ, ಒಂದು ದೀಪ, ಒಂದು ಪ್ಲಗ್ ಪಾಯಿಂಟ್. ಕೆಲಸ ಮಾಡುವ ಪ್ಲಗ್ ಪಾಯಿಂಟ್ ಯಾವಾಗಲೂ ಪಕ್ಕದ ಮಂಚದ್ದು. ಕಂಬಿಗಳ ಮೇಲೆ ಉಪ್ಪುನೀರಿನ ಬಟ್ಟೆಗಳು ಒಣಗುತ್ತಿರುತ್ತವೆ, ಅಥವಾ ಹಾಗೆಂದು ಭಾವಿಸಲಾಗುತ್ತದೆ.

ರಾತ್ರಿಯ ಕಾರ್ಯಕ್ರಮಕ್ಕೂ ಒಂದು ಕ್ರಮವಿದೆ. ಹತ್ತು ಗಂಟೆಗೆ ಎಸಿಯ ರಿಮೋಟ್ ಬಗ್ಗೆ ಅಂತರರಾಷ್ಟ್ರೀಯ ಮಾತುಕತೆ ನಡೆದು, ಉಷ್ಣವಲಯದ ದ್ವೀಪದಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಳ್ಳುವ ಒಪ್ಪಂದವಾಗುತ್ತದೆ. ಹನ್ನೆರಡೂವರೆಗೆ ಪಬ್ಬಿನ ತಂಡ ಮರಳಿ, ತಮ್ಮ ದೀಪದ ಸ್ವಿಚ್ ಯಾವುದೆಂದು ಕೋಣೆಯ ಎಲ್ಲ ಸ್ವಿಚ್ ಒತ್ತಿ ನೋಡುತ್ತದೆ. ಎರಡು ಗಂಟೆಗೆ ಬಾತೂರ್ ಬೆಟ್ಟದ ಮೇಲೆ ಸೂರ್ಯೋದಯ ನೋಡುವವರ ಅಲಾರಂ ಹೊಡೆದುಕೊಳ್ಳುತ್ತದೆ. 1,717 ಮೀಟರ್ ಎತ್ತರದ ಆ ಜ್ವಾಲಾಮುಖಿ ಈಗಲೂ ಜೀವಂತ. ಅಲಾರಂ ಇಟ್ಟವನೊಬ್ಬ ಬಿಟ್ಟು ಕೋಣೆಯಲ್ಲಿ ಉಳಿದವರೂ ಅಷ್ಟೇ ಜೀವಂತವಾಗುತ್ತಾರೆ. ಆಮೇಲೆ ಅರ್ಧ ಗಂಟೆ ಪ್ಲಾಸ್ಟಿಕ್ ಕವರುಗಳ ಸರಬರ ಸದ್ದು. ನಾಲ್ಕೂವರೆಗೆ ಪಕ್ಕದ ಮನೆಯ ಹುಂಜ.

ಇದೇ ಕೋಣೆಯಲ್ಲಿ ತಿಗಣೆಯೂ ವಾಸಿಸುತ್ತದೆ. ಹಗಲಿನಲ್ಲಿ ಮಂಚದ ಸಂದಿ, ಹಾಸಿಗೆಯ ಹೊಲಿಗೆಗಳಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಚೀಲದ ಮಡಿಕೆಯಲ್ಲಿ ಕೂತು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತದೆ. ವೀಸಾ ಇಲ್ಲ, ಬಾಡಿಗೆ ಇಲ್ಲ, ಮುಂದಿನ ಊರಿನ ಯೋಚನೆ ಇಲ್ಲ. ಹಾಸ್ಟೆಲ್ಲಿನಲ್ಲಿ ಅಲೆಮಾರಿ ಎಂಬ ಬಿರುದಿಗೆ ಪೂರ್ಣ ಅರ್ಹತೆ ಇರುವುದು ಇದಕ್ಕೊಂದಕ್ಕೇ.

3. ಸಂಭಾಷಣೆ

ಮದುವೆ ಮನೆಯಲ್ಲಿ ಊರು, ಮನೆತನ, ಗೋತ್ರ ಕೇಳಿದಂತೆ ಹಾಸ್ಟೆಲ್ಲಿನಲ್ಲಿ ಕೇಳುವ ಪ್ರಶ್ನೆಗಳೂ ನಿಗದಿಯಾಗಿವೆ: ಯಾವ ದೇಶ, ಎಷ್ಟು ದಿನವಾಯಿತು, ಮುಂದೆ ಎಲ್ಲಿಗೆ, ಎಷ್ಟು ಕೊಟ್ಟೆ. ಹೆಸರು ಕೇಳುವುದು ಕಡ್ಡಾಯವಲ್ಲ. ಎರಡನೆಯ ಮತ್ತು ನಾಲ್ಕನೆಯ ಉತ್ತರಗಳಿಂದ ಅಂತಸ್ತು ತೀರ್ಮಾನವಾಗುತ್ತದೆ. ಎರಡು ವಾರದವನು ಎರಡು ತಿಂಗಳಿನವನ ಮುಂದೆ ತಲೆ ತಗ್ಗಿಸಬೇಕು. ಸ್ಕೂಟರ್ ಬಾಡಿಗೆಗೆ ದಿನಕ್ಕೆ ಇಂಡೊನೇಷ್ಯಾದ ಎಂಬತ್ತು ಸಾವಿರ ರುಪಿಯಾ ಕೊಟ್ಟವನು ಎಪ್ಪತ್ತು ಸಾವಿರ ಕೊಟ್ಟವನ ಮುಂದೆ ಬಾಯಿ ಮುಚ್ಚಬೇಕು. ಜಾತಿ ಪದ್ಧತಿಯಿಂದ ದೂರ ಹೋಗಲು ಸಮುದ್ರ ದಾಟಿದವರಿಗೆ ಅದು ಮೇಲಿನ ಮಂಚ, ಕೆಳಗಿನ ಮಂಚಗಳಲ್ಲಿ ಮತ್ತೆ ಸಿಗುತ್ತದೆ.

4. ಆಯವ್ಯಯ

ಭಾರತದ ಐದಾರು ಸಾವಿರ ರೂಪಾಯಿ ಕೊಟ್ಟರೆ ಬಾಲಿಯಲ್ಲಿ ಹತ್ತು ಲಕ್ಷ ರುಪಿಯಾ ಕೈಗೆ ಬರುತ್ತದೆ. ವಿಮಾನ ನಿಲ್ದಾಣದ ವಿನಿಮಯ ಕೌಂಟರಿನ ಮುಂದೆ ಬೆನ್ನುಚೀಲದ ಪ್ರವಾಸಿ ಬದುಕಿನಲ್ಲಿ ಮೊದಲ ಸಲ ಲಕ್ಷಾಧೀಶನಾಗುತ್ತಾನೆ. ಹೊರಗೆ ಕಾಲಿಟ್ಟ ಕ್ಷಣದಿಂದ ಬಡವನಂತೆ ನಡೆದುಕೊಳ್ಳುತ್ತಾನೆ. ಲುಂಗಿಯಂಥ ಸರೋಂಗ್ ಮಾರುವ ಹೆಂಗಸಿನ ಜೊತೆ ಐದು ಸಾವಿರ ರುಪಿಯಾಕ್ಕೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾನೆ. ಐದು ಸಾವಿರ ರುಪಿಯಾ ಎಂದರೆ ಮೂವತ್ತು ರೂಪಾಯಿಗೂ ಕಡಿಮೆ. ಗೆದ್ದ ಸರೋಂಗಿನ ಫೋಟೊ ತೆಗೆಯುವ ಫೋನಿನ ಬೆಲೆಯಲ್ಲಿ ಆಕೆಯ ಇಡೀ ಅಂಗಡಿ ಬರುತ್ತದೆ.

ಬಾಲಿ ಪ್ರಾಂತ್ಯ ಸರ್ಕಾರ 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಗೆ 1,50,000 ರುಪಿಯಾ ಶುಲ್ಕ ಹಾಕಿದೆ. ದ್ವೀಪದ ಸಂಸ್ಕೃತಿ, ಪರಿಸರಗಳ ರಕ್ಷಣೆ ಅದರ ಉದ್ದೇಶ. ಮೊತ್ತ ಸುಮಾರು ಎಂಟುನೂರು ರೂಪಾಯಿ. ಇದು ಸುಲಿಗೆ ಎಂದು ಹಾಸ್ಟೆಲ್ಲಿನ ಪಡಸಾಲೆಯಲ್ಲಿ ಬಿಂತಾಂಗ್ ಬಿಯರ್ ಕುಡಿಯುತ್ತ ಖಂಡಿಸಲಾಗುತ್ತದೆ. ಖಂಡನೆ ಮುಗಿಯುವ ಹೊತ್ತಿಗೆ ಬಿಯರಿನ ಬಿಲ್ಲು ಶುಲ್ಕವನ್ನು ದಾಟಿರುತ್ತದೆ, ಆ ಬಿಲ್ಲಿಗೆ ಚೌಕಾಸಿ ಇಲ್ಲ.

ಅಗ್ಗದ ಪ್ರವಾಸದ ಲೆಕ್ಕಪುಸ್ತಕದಲ್ಲಿ ಎರಡನೆಯ ಪುಟವೂ ಇರುತ್ತದೆ. ಹಾಸ್ಟೆಲ್ ಅಗ್ಗವಾಗಿರುವುದು ಅದನ್ನು ಗುಡಿಸಿ ಒರೆಸುವವರ ಸಂಬಳ ಅಗ್ಗವಾಗಿರುವುದರಿಂದ. ಊಟ ಅಗ್ಗವಾಗಿರುವುದು ವಾರುಂಗ್ ಎಂಬ ಬೀದಿ ಬದಿಯ ಅಂಗಡಿಯಲ್ಲಿ ಮನೆಮಂದಿಯೆಲ್ಲ ದುಡಿಯುವುದರಿಂದ. ಮಳೆಗಾಲದಲ್ಲಿ ಕುಟಾ ತೀರಕ್ಕೆ ಅಲೆಗಳು ತಂದು ಸುರಿಯುವ ಪ್ಲಾಸ್ಟಿಕ್ಕನ್ನು ಎತ್ತುವ ಖರ್ಚು ಯಾರ ಬಾಡಿಗೆಯಲ್ಲೂ ಸೇರಿಲ್ಲ. ಬೆನ್ನುಚೀಲದವನು ಉಳಿಸಿದ ಹಣ ಎಲ್ಲಿಂದ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಈ ಪುಟದಲ್ಲಿದೆ. ಪುಟವನ್ನು ಓದುವವರು ಕಡಿಮೆ.

5. ಸಂಚಾರ

ಬಾಲಿಯಲ್ಲೂ ವಾಹನಗಳು ರಸ್ತೆಯ ಎಡಕ್ಕೇ ಓಡುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಅಭ್ಯಾಸವಿರುವ ಬೆಂಗಳೂರಿನವನಿಗೆ ಬಾಲಿಯ ಚಾಂಗು ಎಂಬ ಊರಿನ ಸ್ಕೂಟರ್ ದಟ್ಟಣೆ ತವರುಮನೆ. ಉಳಿದ ದೇಶಗಳವರು ಸ್ಕೂಟರ್ ಓಡಿಸುವುದನ್ನು ಬಾಲಿಯಲ್ಲೇ ಕಲಿಯುತ್ತಾರೆ, ಅದೂ ನಡುರಸ್ತೆಯಲ್ಲಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಹೆಲ್ಮೆಟ್ ಬೇಕು ಎಂಬುದು ನಿಯಮ. ಶರ್ಟೂ ಇಲ್ಲದೆ ಓಡಿಸುವುದು ವಾಡಿಕೆ. ಈ ಕಲಿಕೆಯ ಪ್ರಮಾಣಪತ್ರವಾಗಿ ಮೀನಖಂಡದ ಮೇಲೆ ಸೈಲೆನ್ಸರ್ ಸುಟ್ಟ ಗುರುತು, ಮೊಣಕಾಲಿಗೆ ಬ್ಯಾಂಡೇಜು ದೊರೆಯುತ್ತವೆ. ಪರವಾನಗಿ ಇಲ್ಲದವನಿಗೆ ಪ್ರವಾಸ ವಿಮೆ ಕೈಕೊಟ್ಟಾಗ ಆಸ್ಪತ್ರೆಯ ಬಿಲ್ಲಿಗಾಗಿ ಊರಿನಲ್ಲಿ ಚಂದಾ ಎತ್ತಲಾಗುತ್ತದೆ. ಇನ್ನು ಕೆಲವರು ಗಾಯವಿಲ್ಲದಿದ್ದರೂ ಬೀದಿಯಲ್ಲಿ ರಟ್ಟಿನ ಫಲಕ ಹಿಡಿದು ಕೂರುತ್ತಾರೆ: ಮುಂದಿನ ಪ್ರಯಾಣಕ್ಕೆ ಸಹಾಯ ಮಾಡಿ. ವಿಮಾನದಲ್ಲಿ ಬಂದು ಭಿಕ್ಷೆ ಬೇಡುವ ಈ ವರ್ಗವನ್ನು, ವಿಮಾನ ಹತ್ತದ ಜನ ಬೆರಗಿನಿಂದ ನೋಡುತ್ತ ಹಾದುಹೋಗುತ್ತಾರೆ.

6. ಅಸಲಿಯ ಶೋಧ

ಬೆನ್ನುಚೀಲದ ಪ್ರವಾಸಿಯ ಪರಮ ಗುರಿ ಅಸಲಿ ಬಾಲಿ. ಅದು ಉಬುದ್ ಎಂಬ ಊರಿನಲ್ಲಿದೆ ಎಂದು ಎಲಿಜಬೆತ್ ಗಿಲ್ಬರ್ಟ್ ಅವರ 2006ರ ಆತ್ಮಕಥನವೂ, ಜೂಲಿಯಾ ರಾಬರ್ಟ್ಸ್ ನಟಿಸಿದ 2010ರ ಅದರ ಚಿತ್ರರೂಪವೂ ಸುದ್ದಿ ಹಬ್ಬಿಸಿದ ಮೇಲೆ ಅಸಲಿಯನ್ನು ಹುಡುಕಿ ಬರುವವರಿಗೆ ಉಬುದಿನಲ್ಲಿ ನಿಲ್ಲಲು ಜಾಗವಿಲ್ಲ. ಹೀಗಾಗಿ ಶೋಧ ಗದ್ದೆಗಳತ್ತ ತಿರುಗುತ್ತದೆ. ಬಾಲಿಯ ಗದ್ದೆಗಳಿಗೆ ನೀರು ಹಂಚುವ ಸುಬಕ್ ಎಂಬ ವ್ಯವಸ್ಥೆ ಸಾವಿರ ವರ್ಷಕ್ಕೂ ಹಳೆಯದು. ರೈತರು ಜಲದೇಗುಲಗಳ ಸುತ್ತ ಕೂಟ ಕಟ್ಟಿ, ಯಾರ ಗದ್ದೆಗೆ ಯಾವಾಗ ನೀರು ಎಂದು ಕೂತು ತೀರ್ಮಾನಿಸುತ್ತಾರೆ. 2012ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ತೆಗಲಾಲಾಂಗಿನ ಮೆಟ್ಟಿಲು ಗದ್ದೆಗಳ ಅಂಚಿನಲ್ಲಿ ಉಯ್ಯಾಲೆ ಕಟ್ಟಿದ್ದಾರೆ. ಬಾಡಿಗೆಯ ಉದ್ದ ಲಂಗ ತೊಟ್ಟು ತೂಗಿಕೊಂಡರೆ ಅಸಲಿ ಬಾಲಿ ಫೋಟೊಗೆ ಸಿಗುತ್ತದೆ. ಹಿನ್ನೆಲೆಯಲ್ಲಿ ಬಗ್ಗಿ ನಾಟಿ ಮಾಡುವ ರೈತನನ್ನು ಮಸುಕಾಗಿಸುವ ಸೌಲಭ್ಯ ಫೋನಿನಲ್ಲೇ ಇದೆ.

ಬಾಲಿಯ ಹೆಂಗಸರು ದಿನವೂ ತೆಂಗಿನ ಗರಿಯ ಪುಟ್ಟ ಬುಟ್ಟಿ ಹೆಣೆದು, ಹೂವಿಟ್ಟು, ಊದುಬತ್ತಿ ಹಚ್ಚಿ ಹೊಸ್ತಿಲಲ್ಲೂ ಕಾಲುದಾರಿಯಲ್ಲೂ ಇಡುತ್ತಾರೆ. ಚನಾಂಗ್ ಸರಿ ಎಂಬ ಈ ಎಡೆಯ ಫೋಟೊ ತೆಗೆಯಲು ಒಂದು ಹೆಜ್ಜೆ ಹಿಂದೆ ಸರಿದ ಪ್ರವಾಸಿ ಸಾಮಾನ್ಯವಾಗಿ ಇನ್ನೊಂದು ಎಡೆಯ ಮೇಲೆ ಕಾಲಿಟ್ಟಿರುತ್ತಾನೆ.

ಅಸಲಿ ಗೆಳೆತನವೂ ಆಗುತ್ತದೆ. ಊರಿಗೆ ಮರಳಿದವನು ಪರಿಚಯದವರಿಗೆಲ್ಲ ಹೇಳುತ್ತಾನೆ: ಬಾಲಿಗೆ ಹೋದರೆ ವಯನ್‌ನನ್ನು ಕೇಳಿ, ನನ್ನ ಹೆಸರು ಹೇಳಿ. ಬಾಲಿಯಲ್ಲಿ ಮಕ್ಕಳ ಹೆಸರು ಸಾಮಾನ್ಯವಾಗಿ ಹುಟ್ಟಿದ ಕ್ರಮದಲ್ಲಿ ಬರುತ್ತದೆ: ಮೊದಲ ಮಗು ವಯನ್, ಎರಡನೆಯದು ಮಡೆ, ಮೂರನೆಯದು ನ್ಯೊಮನ್, ನಾಲ್ಕನೆಯದು ಕೆತುತ್, ಐದನೆಯದು ಮತ್ತೆ ವಯನ್. ಒಂದು ದ್ವೀಪದ ಚೊಚ್ಚಲ ಮಕ್ಕಳ ಪೈಕಿ ಆ ಒಬ್ಬನನ್ನು ಹುಡುಕುವುದು ಆ ಪರಿಚಯದವರ ಪಾಲಿಗೆ ಬಿಟ್ಟದ್ದು.

7. ನಿಯಮಗಳು

ಬಾಲಿಯ ಗವರ್ನರ್ 2023ರ ಮೇ ತಿಂಗಳಲ್ಲಿ ವಿದೇಶಿ ಪ್ರವಾಸಿಗಳು ಮಾಡಬೇಕಾದ, ಮಾಡಬಾರದ ಕೆಲಸಗಳ ಸುತ್ತೋಲೆ ಹೊರಡಿಸಿದರು. ಪವಿತ್ರ ಮರ ಹತ್ತಬಾರದು, ಪವಿತ್ರ ಸ್ಥಳಗಳಲ್ಲಿ ಬಟ್ಟೆ ಬಿಚ್ಚಿ ಫೋಟೊ ತೆಗೆಸಿಕೊಳ್ಳಬಾರದು ಎಂದೆಲ್ಲ ಅದರಲ್ಲಿದೆ. ಸುತ್ತೋಲೆಯಲ್ಲಿ ಮರ ಹತ್ತಬಾರದು ಎಂದಿದ್ದರೆ, ಯಾರೋ ಆಗಲೇ ಹತ್ತಿದ್ದಾರೆ ಎಂದು ತಿಳಿಯಬೇಕು. ಐದು ಲಕ್ಷ ರುಪಿಯಾ ಕಟ್ಟಿ ವಿಮಾನ ನಿಲ್ದಾಣದಲ್ಲಿ ಪಡೆಯುವ ವೀಸಾ 30 ದಿನದ್ದು, ಒಂದು ಸಲ ಇನ್ನು 30 ದಿನ ವಿಸ್ತರಿಸಬಹುದು. ಅದೂ ಮುಗಿದಾಗ ಅಲೆಮಾರಿ ಕೌಲಾಲಂಪುರಕ್ಕೆ ಹೋಗಿ ಮರುದಿನ ವಾಪಸು ಬರುತ್ತಾನೆ. ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಸೀಲು ಹಾಕಿಸಲು ಸುತ್ತುವ ದೇಶವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

8. ಪರಿಹಾರ

ಬಾಲಿಯ ಹೊಸ ವರ್ಷದ ದಿನಕ್ಕೆ ನ್ಯೆಪಿ ಎಂದು ಹೆಸರು. ಕನ್ನಡ ಪಂಚಾಂಗದಲ್ಲಿರುವ ಶಕೆಯ ಎಣಿಕೆಯೇ ಅಲ್ಲಿಯದು. 2023ರ ಮಾರ್ಚ್ 22ರಂದು ಯುಗಾದಿಯೂ ನ್ಯೆಪಿಯೂ ಒಟ್ಟಿಗೇ ಬಂದು, ಎರಡೂ ಕಡೆ ಶಕ 1945 ಶುರುವಾಯಿತು. ಇಲ್ಲಿ ಬೇವುಬೆಲ್ಲ, ಅಲ್ಲಿ ಮೌನ. ನ್ಯೆಪಿಯ ದಿನ ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಓಡಾಡುವಂತಿಲ್ಲ, ಮೋಜು ಮಾಡುವಂತಿಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಸ್ತಬ್ಧ. ಪೆಚಲಾಂಗ್ ಎಂಬ ಊರ ಕಾವಲಿನವರು ಬೀದಿಯಲ್ಲಿ ಗಸ್ತು ತಿರುಗುತ್ತಾರೆ. ಪರೀಕ್ಷೆ ಮುಗಿಸಿ ಓಡಿಬಂದವನ ಹಾಸ್ಟೆಲ್ಲಿಗೆ ಮತ್ತೆ ಬೀಗ ಬೀಳುತ್ತದೆ, ಈ ಸಲ ಬೆಳಗ್ಗೆಯೇ.

ಪ್ರವಾಸಿಗಳೇ ಇಲ್ಲದ ಬಾಲಿಯನ್ನು ಹುಡುಕಿ ಬಂದವರಿಗೆ ತಿಳಿಸಬೇಕಾದ ವಿಷಯ ಇದೇ. ಅಂಥ ಬಾಲಿ ವರ್ಷಕ್ಕೊಂದು ದಿನ ನಿಜಕ್ಕೂ ಇರುತ್ತದೆ: ಬೀದಿಯಲ್ಲಿ ಸ್ಕೂಟರಿಲ್ಲ, ತೀರದಲ್ಲಿ ಜನರಿಲ್ಲ, ರಾತ್ರಿ ದೀಪಗಳಿಲ್ಲದ ಆಕಾಶದ ತುಂಬ ನಕ್ಷತ್ರ. ಬೀದಿಗಿಳಿದು ಅದನ್ನು ನೋಡಲು ಅವರಿಗೂ ಅನುಮತಿ ಇಲ್ಲ. ಅವರು ಒಳಗಿರುವುದರಿಂದಲೇ ಹೊರಗೆ ಅದು ಹಾಗಿದೆ.

ಮೇಲ್ಕಂಡ ಅಂಶಗಳನ್ನು ಗಮನಿಸಿ, ಇನ್ನು ಮುಂದೆ ಶುಲ್ಕವನ್ನು ತಕರಾರಿಲ್ಲದೆ ಪಾವತಿಸುವಂತೆಯೂ, ಮೂವತ್ತು ರೂಪಾಯಿಯ ಚೌಕಾಸಿಯನ್ನು ಕೈಬಿಡುವಂತೆಯೂ, ಯಾರಾದರೂ ವಿಚಾರಿಸಿದಾಗ ಪ್ರವಾಸಿ ಎಂದೇ ಉತ್ತರಿಸುವಂತೆಯೂ ಕೋರಲಾಗಿದೆ.

ಪ್ರತಿಗಳು:
ಮಾಹಿತಿಗಾಗಿ: ವಯನ್, ಬಾಲಿ (ಎಲ್ಲರಿಗೂ).
ಸೂಕ್ತ ಕ್ರಮಕ್ಕಾಗಿ: ಎರಡು ಗಂಟೆಯ ಅಲಾರಂ ಇಟ್ಟವನಿಗೆ.
ಕಡತಕ್ಕೆ: ಹಾಸಿಗೆಯ ಹೊಲಿಗೆಯಲ್ಲಿರುವ ಕಾಯಂ ನಿವಾಸಿಗೆ.