ಮರದಟ್ಟಣೆ: ಒಂದು ಆಮೂಲಾಗ್ರ ಅಧ್ಯಯನ

ಪೀಠಿಕೆ

ಮರದಟ್ಟಣೆಯೆಂದರೆ ಹೊಲ ಕಾಯಲೋ ಬೇಟೆಗೆ ಕಾಯಲೋ ಮರದ ಕವಲಿಗೆ ಕಟ್ಟಿದ ಕೂರುವ ಜಾಗ; ಆಮೂಲಾಗ್ರವೆಂದರೆ ಬೇರಿನಿಂದ ತುದಿಯವರೆಗೆ. ಪ್ರಬಂಧಕಾರನಿಗೆ ಎತ್ತರ ಕಂಡರೆ ತಲೆಸುತ್ತು ಬರುವ ಕಾರಣ ಪ್ರಸ್ತುತ ಅಧ್ಯಯನವು ಬೇರಿನಲ್ಲಿ ಆರಂಭಗೊಂಡು ಏಣಿಯ ನಾಲ್ಕನೆಯ ಮೆಟ್ಟಿಲಿನಲ್ಲಿ ಮುಕ್ತಾಯವಾಗುತ್ತದೆ. ಅದರಾಚೆಯ ವಿಷಯವನ್ನು ಮೇಲೆ ಕೂತವರು ಕೂಗಿ ತಿಳಿಸಿದ್ದಾರೆ.

ಕ್ಷೇತ್ರ

ಹಳೆಯ ಸೇಲಂ ಜಿಲ್ಲೆಯೇ ನಮ್ಮ ಅಧ್ಯಯನದ ಕ್ಷೇತ್ರ. 1965ರಲ್ಲಿ ಅದರಿಂದ ಧರ್ಮಪುರಿ ಕವಲೊಡೆಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಈ ಎರಡೂ ಆದೇಶಗಳ ಪ್ರತಿ ಆನೆಗಳಿಗೆ ತಲುಪಿದಂತಿಲ್ಲ. ಅವು ಜವಳಗಿರಿ, ಅಂಚೆಟ್ಟಿ, ಪೆನ್ನಾಗರಂ ಎಂದು ಭೇದವೆಣಿಸದೆ ಎಲ್ಲ ಕಡೆಯ ರಾಗಿಯನ್ನೂ ಸಮಭಾವದಿಂದ ಕಾಣುತ್ತವೆ. ಇಲ್ಲಿನ ಜನ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುತ್ತಾರೆ. ನಡುರಾತ್ರಿ ಯಾರು ಯಾವ ಭಾಷೆಯಲ್ಲಿ ಕೂಗಿಕೊಂಡರೂ ಅನುವಾದ ಬೇಕಾಗುವುದಿಲ್ಲ.

ನಿರುಕ್ತಿ

‘ಅಟ್ಟಣೆ’ ಶಬ್ದದ ಬಗ್ಗೆ ಮೂರು ಪಂಥಗಳಿವೆಯೆಂದು ಈ ಪ್ರಬಂಧಕಾರ ಈಗಷ್ಟೇ ತೀರ್ಮಾನಿಸಿದ್ದಾನೆ. ಮನೆಯೊಳಗಿನ ಅಟ್ಟವೇ ಮನೆ ಬಿಟ್ಟು ಮರ ಹತ್ತಿತು ಎನ್ನುವುದು ಮೊದಲನೆಯ ಪಂಥ. ಪ್ರಾಣಿಗಳನ್ನು ಅಟ್ಟುವ ಜಾಗವಾದ್ದರಿಂದ ಅಟ್ಟಣೆ ಎನ್ನುವುದು ಎರಡನೆಯದು. ಹಳೆಯ ಕನ್ನಡದಲ್ಲಿ ‘ಅಟ್ಟು’ ಎಂದರೆ ‘ಬೇಯಿಸಿ’ ಎಂದೂ ಆಗುವುದರಿಂದ, ಮುದ್ದೆ ಅಟ್ಟು ಉಣ್ಣಬೇಕಾದವರು ಮೊದಲು ಆನೆಯನ್ನು ಅಟ್ಟಬೇಕು ಎನ್ನುವ ಸಮನ್ವಯವಾದಿಗಳದು ಮೂರನೆಯದು.

ಅಟ್ಟಣೆಯ ಇನ್ನೊಂದು ಹೆಸರಾದ ‘ಮಚಾನು’ ಶಬ್ದದಲ್ಲಿ ವಿವಾದವಿಲ್ಲ. ಅದರ ಮೂಲ ಸಂಸ್ಕೃತದ ‘ಮಂಚ’. ನೆಲದ ಮೇಲಿದ್ದರೆ ಮಂಚ, ನಿದ್ದೆ ಬರುತ್ತದೆ. ಮರದ ಮೇಲಿದ್ದರೆ ಮಚಾನು, ನಿದ್ದೆ ಬಂದರೆ ಕೆಟ್ಟಿತು.

ಇತಿಹಾಸ

ಸಂಗಂ ಕಾವ್ಯಗಳಲ್ಲಿ ಬೆಟ್ಟದ ಹುಡುಗಿಯರು ‘ಇದಣ್’ ಎಂಬ ಅಟ್ಟಣೆಯ ಮೇಲೆ ಕುಳಿತು ತಿನೆ (ನವಣೆ) ಹೊಲದ ಗಿಳಿಗಳನ್ನು ಓಡಿಸುತ್ತಿದ್ದರು. ವಳ್ಳಿಯನ್ನು ಮುರುಗನ್ ದೇವರು ಒಲಿಸಿಕೊಂಡದ್ದೂ ಆಕೆ ಹೀಗೆ ತಿನೆ ಕಾಯುತ್ತಿದ್ದಾಗಲೇ. ಅಂದು ಗಿಳಿ, ಇಂದು ಆನೆ. ದೇವರು ಮಾತ್ರ ಆಮೇಲೆ ಈ ಕಡೆ ಬಂದಂತಿಲ್ಲ.

1792ರಲ್ಲಿ ಟಿಪ್ಪುವಿನಿಂದ ಈ ಸೀಮೆಯ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೊ ಹೊಲಹೊಲವನ್ನೂ ಅಳೆಸಿ ರೈತವಾರಿ ಪದ್ಧತಿಗೆ ತಳಹದಿ ಹಾಕಿದರು. ನೆಲದಲ್ಲಿದ್ದದ್ದಕ್ಕೆಲ್ಲ ಕಂದಾಯ ಬಿತ್ತು. ಗಾಳಿಯಲ್ಲಿದ್ದ ಅಟ್ಟಣೆ ತಪ್ಪಿಸಿಕೊಂಡಿತು.

ವರ್ಗೀಕರಣ

ಅಟ್ಟಣೆಗಳು ಎರಡು ಬಗೆ: ಕೊಲ್ಲುವವರದು, ಕಾಯುವವರದು.

ಮೊದಲನೆಯದಕ್ಕೆ ಆಚಾರ್ಯ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974). ಜವಳಗಿರಿ, ಮುತ್ತೂರು, ಪೆನ್ನಾಗರಂ ಸುತ್ತಿನ ಕಾಡುಗಳಲ್ಲಿ ನರಭಕ್ಷಕಗಳಿಗಾಗಿ ಕಾದವನು. ಹಳ್ಳಿಯವರ ಮಂಚ ಎರವಲು ತಂದು ಕವಲಿಗೆ ಕಟ್ಟುವುದು, ಸೊಪ್ಪಿನಿಂದ ಮರೆಮಾಡುವುದು, .405 ವಿಂಚೆಸ್ಟರ್ ಕೋವಿ ಹಿಡಿದು ಕೂರುವುದು ಅವನ ಕ್ರಮ. ಅವನು ಬರೆದಿಟ್ಟ ಇದನ್ನೆಲ್ಲ ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಮೇಲೆ ಮರ ಹತ್ತಲು ಬಾರದ ಸಾವಿರಾರು ಕನ್ನಡಿಗರು ಮಚಾನಿನಲ್ಲಿ ಕೂತು ಬೆವರಿದರು. ಮಂಚ ಕೊಟ್ಟ ಮನೆಯವರು ಆ ರಾತ್ರಿ ಎಲ್ಲಿ ಮಲಗಿದರೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಈ ಪಂಥ ಸಮಾಪ್ತಿಯಾಯಿತು.

ಎರಡನೆಯದು ಇಂದಿಗೂ ಇದೆ. ಕವಲಿಗೆ ಅಡ್ಡಡ್ಡ ನಾಲ್ಕು ಗಳು, ಮೇಲೆ ಸೀಳಿದ ಬಿದಿರು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಣಿಚೀಲ. ತಲೆಗೆ ತಾರ್ಪಾಲು. ಒಳಗೆ ಒಂದು ಕಂಬಳಿ, ಟಾರ್ಚು, ಪಟಾಕಿ, ಬಡಿಯಲು ತಳ ತಗ್ಗಾದ ಎಣ್ಣೆ ಡಬ್ಬ. ಎತ್ತರದ ಲೆಕ್ಕವನ್ನು ಆನೆಯೇ ನಿಗದಿಪಡಿಸಿದೆ: ಗಂಡಾನೆಯ ಭುಜ 9ರಿಂದ 10 ಅಡಿ, ಸೊಂಡಿಲು ಚಾಚಿದರೆ ಹತ್ತಿರ ಹತ್ತಿರ ಅದರ ಇಮ್ಮಡಿ. ಇದಕ್ಕಿಂತ ಕೆಳಗೆ ಕಟ್ಟಿದ್ದು ಅಟ್ಟಣೆಯಲ್ಲ, ತಟ್ಟೆ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಆನೆ ಮರವನ್ನೇ ಬೀಳಿಸಿದರೆ? ಅದಕ್ಕೇ ದಪ್ಪ ಹುಣಸೆ ಲೇಸು. ಹುಣಸೆಯಲ್ಲಿ ದೆವ್ವವಿರುತ್ತದಲ್ಲ? ಇರಲಿ, ಅದು ರಾಗಿ ತಿನ್ನುವುದಿಲ್ಲ. ಡಬ್ಬದ ಸದ್ದು ಆನೆಗೆ ಅಭ್ಯಾಸವಾಗಿಬಿಟ್ಟರೆ? ಆಗಿದೆ. ಈಗ ಅದು ಪಕ್ಕದ ಹೊಲದ ಡಬ್ಬ ಕೇಳಿಸಿದರೆ ಈ ಹೊಲಕ್ಕೆ ಬರುತ್ತದೆ. ಹಾಗಾದರೆ ಅಟ್ಟಣೆಯಿಂದ ಪ್ರಯೋಜನವೇನು? ಬೆಳೆ ಹೋಗುವುದನ್ನು ಎತ್ತರದಿಂದ, ಸ್ಪಷ್ಟವಾಗಿ ನೋಡಬಹುದು.

ಹೀಗೆ ಎಲ್ಲ ಆಕ್ಷೇಪಗಳೂ ಪರಿಹಾರವಾದ್ದರಿಂದ ಸಿದ್ಧಾಂತವಿಷ್ಟು: ಒಂದು ರಾತ್ರಿ ಕೂತು ಹುಲಿ ಹೊಡೆದವನಿಗೆ ಒಂದು ಅಧ್ಯಾಯ, ತೆನೆ ಕಟ್ಟಿದಂದಿನಿಂದ ಕೊಯ್ಲಿನ ತನಕ ಕೂತವನಿಗೆ ನೆಗಡಿ.

ಉಪಸಂಹಾರ

ಈ ಅಟ್ಟಣೆಗಳ ಅವಶೇಷ ಯಾಕೆ ಸಿಗುವುದಿಲ್ಲವೆಂದು ವಿದ್ವಾಂಸರು ಕೇಳಬಹುದು. ಕೊಯ್ಲು ಮುಗಿದ ಮೇಲೆ ಹುಲ್ಲನ್ನು ದನ ತಿನ್ನುತ್ತದೆ, ತಾರ್ಪಾಲು ಕಣಕ್ಕೆ ಹೋಗುತ್ತದೆ, ಬಿದಿರು ಮುದ್ದೆಯ ಒಲೆಗೆ. ಮೂರನೆಯ ಪಂಥದವರು ಹೇಳಿದ್ದೇ ಸರಿಯಾಯಿತು. ಪರಿಶೀಲಿಸಬಯಸುವವರು ಕೊಯ್ಲಿಗೆ ಮೊದಲೇ, ಕಾರ್ತಿಕದ ಹೊತ್ತಿಗೆ ಬರಬೇಕು. ಕಂಬಳಿ ತಾವೇ ತರಬೇಕು; ಮೇಲಿರುವುದು ಒಂದೇ.