ಸೊಂಟಕ್ಕೆ ಕರೆಂಟು

ಪಕ್ಕದ ಮನೆ ಸರೋಜಮ್ಮನವರಿಗೆ ಕರೆಂಟ್ ಅಂದರೆ ಆಗದು. ಗೀಸರ್ ಆಫ್ ಆಗಿದೆಯೇ ಅಂತ ಎರಡೆರಡು ಸಲ ನೋಡಿಯೇ ಸ್ನಾನಕ್ಕೆ ಇಳಿಯುವವರು. ಅಂಥವರ ಕಣ್ಣಿಗೆ ನನ್ನ ತಂಗಿ ಮಗಳು ಸ್ಮಿತಾ ಬಿದ್ದಳು. ಜಗುಲಿಯಲ್ಲಿ ಕೂತು, ಸೊಂಟಕ್ಕೆ ವೈರು ಅಂಟಿಸಿಕೊಂಡು ಲ್ಯಾಪ್‌ಟಾಪ್ ಕುಟ್ಟುತ್ತಿದ್ದಳು. ಬೇಳೆ ಆರಿಸುತ್ತಿದ್ದ ಮೊರದ ಸಮೇತ ಕಾಂಪೌಂಡಿಗೆ ಬಂದೇಬಿಟ್ಟರು.

"ಏನ್ರೀ ಇದು, ಮಗೂಗೆ ಕರೆಂಟ್ ಹಿಡಿಸ್ತಿದೀರಾ?"

"ಪ್ಲಗ್ಗಿನದಲ್ಲ ಸರೋಜಮ್ಮ, ಬ್ಯಾಟರಿದು. ಟೆನ್ಸ್ ಮೆಷಿನ್ ಅಂತ. ನಿಮ್ಮ ವಾರಗಿತ್ತಿ ಮಂಡಿಗೆ ಫಿಸಿಯೋದವರು ಇಡ್ತಿರಲಿಲ್ವಾ, ಅದೇ."

"ಈ ವಯಸ್ಸಿಗೇ ಮಂಡಿನೋವಾ?"

ಮಂಡಿಯಲ್ಲ, ಎಂಡೊಮೆಟ್ರಿಯೋಸಿಸ್. ಸ್ಕ್ಯಾನಿಂಗ್‌ನಲ್ಲಿ ಚಾಕೊಲೇಟ್ ಸಿಸ್ಟ್ ಅಂತ ಬಂದಿತ್ತು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಪಕ್ಕ, ಎಲ್ಲೆಲ್ಲೋ ಬೆಳೆದು ತಿಂಗಳು ತಿಂಗಳೂ ಜೀವ ಹಿಂಡುವ ಕಾಯಿಲೆ. ಪಿಯುಸಿಯಿಂದಲೂ ಅವಳು ಒದ್ದಾಡುತ್ತಿದ್ದಳು. ಮದುವೆಯಾದ್ರೆ ಸರಿಹೋಗುತ್ತೆ ಅಂತ ಹೇಳದ ನೆಂಟರಿಲ್ಲ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತಮ್ಮ?"

"ಇತ್ತು. ಹಿತ್ತಲ ಕೋಣೇಲಿ ಚಾಪೆ ಮೇಲೆ ಮುದುರಿಕೊಂಡು ಬಿದ್ದಿರ್ತಿತ್ತು."

ಸರೋಜಮ್ಮ ಮೊರವನ್ನು ಗೋಡೆಯ ಮೇಲಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜಗತ್ತಿನಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇಕಡಾ 10ರಷ್ಟು ಮಂದಿಗೆ, ಅಂದರೆ 19 ಕೋಟಿ ಜನಕ್ಕೆ ಇದು ಇದೆ ಅಂದೆ. ಅವರು ಯಾರನ್ನೋ ನೆನೆಸಿಕೊಂಡ ಹಾಗಿತ್ತು. ನಾನು ಕೆದಕಲಿಲ್ಲ.

"ಸರಿ, ಸೊಂಟಕ್ಕೆ ಕರೆಂಟ್ ಕೊಟ್ರೆ ಹೊಟ್ಟೆನೋವು ಹೇಗ್ರೀ ಹೋಗುತ್ತೆ?"

ಮೊಣಕೈ ಬಾಗಿಲಿಗೆ ತಾಗಿದ ಕೂಡಲೇ ಉಜ್ಜಿಕೊಳ್ಳುತ್ತೇವಲ್ಲ, ಉಜ್ಜಿದರೆ ನೋವು ಯಾಕೆ ತಗ್ಗಬೇಕು? 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿಜ್ಞಾನಿಗಳು ಇದಕ್ಕೊಂದು ಉತ್ತರ ಕೊಟ್ಟರು. ಬೆನ್ನುಹುರಿಯಲ್ಲೊಂದು ಗೇಟ್ ಇದ್ದ ಹಾಗೆ. ಸ್ಪರ್ಶದ ಸುದ್ದಿ ತರುವ ದಪ್ಪ ನರಗಳು ಚುರುಕಾದರೆ ನೋವಿನ ಸುದ್ದಿಗೆ ಗೇಟ್ ಅರ್ಧ ಮುಚ್ಚುತ್ತದೆ, ಮಿದುಳಿಗೆ ಮುಟ್ಟುವುದು ಕಡಿಮೆ. ಈ ಮೆಷಿನ್ ಕರೆಂಟಿನಲ್ಲಿ ಉಜ್ಜುತ್ತದೆ, ಅಷ್ಟೇ. ನಿಧಾನದ ಮಿಡಿತಕ್ಕೆ ಇಟ್ಟರೆ ಮೈಯೊಳಗಿನ, ನೋವು ತಗ್ಗಿಸುವ ಎಂಡಾರ್ಫಿನ್ ಕೂಡ ಹೊರಡುತ್ತದಂತೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ ಕಾಲುನೋವಿನವರನ್ನು ಕರೆಂಟ್ ಹೊಡೆಯುವ ಜೀವಂತ ಮೀನಿನ ಮೇಲೆ ನಿಲ್ಲಿಸುತ್ತಿದ್ದ.

"ರಾಮ ರಾಮ, ಮೀನಾ!" ಅಂದರು ಸರೋಜಮ್ಮ.

ಬ್ರೆಜಿಲ್‌ನ ಕ್ಯಾಂಪಿನಾಸ್‌ನಲ್ಲಿ ಇದೇ ಕಾಯಿಲೆಗೆ ಹಾರ್ಮೋನ್ ಮಾತ್ರೆ ತಗೊಂಡರೂ ನೋವು ಬಿಡದ ಹೆಂಗಸರಿಗೆ ಈ ಮೆಷಿನ್ ಇಟ್ಟು ನೋಡಿದ್ದಾರೆ. ಬೆನ್ನಿನ ಬುಡಕ್ಕೆ ಪ್ಯಾಡ್, ಒಂದು ಗುಂಪಿಗೆ ಮನೆಯಲ್ಲೇ ದಿನಕ್ಕೆ ಎರಡು ಸಲ 20 ನಿಮಿಷ, 8 ವಾರ. ನೋವು ಇಳಿಯಿತು. 2015ರ ಆ ಅಧ್ಯಯನದಲ್ಲಿ ಇದ್ದವರು ಬರೀ 22 ಮಂದಿ, ಹಾಗಾಗಿ ಡೋಲು ಬಾರಿಸುವಂತಿಲ್ಲ.

ಸ್ಮಿತಾ ಪ್ಯಾಡ್ ಕಿತ್ತು ಅದರ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದಳು. ಚರ್ಮದ ಮೇಲೆ ಎಣ್ಣೆ, ಪೌಡರ್ ಇದ್ದರೆ ಅಂಟೇ ಹಿಡಿಯದು, ಮೊದಲು ಒದ್ದೆಬಟ್ಟೆಯಲ್ಲಿ ಒರೆಸಬೇಕು. ಜುಮ್ಮೆನ್ನುವಷ್ಟು ಮಾತ್ರ ಏರಿಸಬೇಕು, ಚುರ್ ಅಂದರೆ ಇಳಿಸಬೇಕು. ಎಷ್ಟು ಬೇಕೋ ಅಷ್ಟು, ಬೇಕಾದಾಗ, ಯಾರನ್ನೂ ಕೇಳದೆ ತಾನೇ ತಿರುಗಿಸಿಕೊಳ್ಳುವುದು ಅವಳಿಗೆ ಎಲ್ಲಕ್ಕಿಂತ ಹಿಡಿಸಿದೆ. ಅವಳಮ್ಮ ಮಾತ್ರ, ಮೆಷಿನ್ ಬಂತಲ್ಲ, ಇನ್ನು ಆಸ್ಪತ್ರೆ ಯಾಕೆ ಅನ್ನುತ್ತಾಳೆ. ಮೆಷಿನ್‌ಗೆ ಸಿಸ್ಟ್ ಕರಗಿಸೋಕೆ ಬರೋಲ್ಲ ಕಣೆ ಅಂತ ಫೋನಿನಲ್ಲಿ ಜಗಳವೇ ಆಗಿದೆ. ಸ್ಕ್ಯಾನಿಂಗೂ ನಿಲ್ಲಬಾರದು, ಡಾಕ್ಟರೂ ನಿಲ್ಲಬಾರದು.

"ನಮ್ಮ ಯಜಮಾನರ ಬೆನ್ನಿಗೂ ಒಂದ್ಸಲ ಇಟ್ಟು ನೋಡ್ಲಾ?"

"ಅವರಿಗೆ ಪೇಸ್‌ಮೇಕರ್ ಇದೆಯಲ್ಲ! ಹತ್ರ ತರಬೇಡಿ. ಬಸುರಿ ನಿಮ್ಮ ಸೊಸೆಗೂ ಡಾಕ್ಟರನ್ನು ಕೇಳದೆ ಬೇಡ."

"ನನ್ನ ಮಂಡಿಗೆ?"

"ಫಿಸಿಯೋದವರನ್ನು ಕೇಳಿ ಇಟ್ಕೊಳ್ಳಿ. ಆದ್ರೆ ಕೆಫೀನ್ ಜಾಸ್ತಿಯಾದ್ರೆ ಇದರ ಪ್ರಭಾವ ತಗ್ಗಬಹುದಂತೆ, ಕಾಫಿ ಸ್ವಲ್ಪ ಕಡಿಮೆ ಮಾಡ್ಬೇಕಾಗುತ್ತೆ."

ಸರೋಜಮ್ಮ ಮೊರ ಎತ್ತಿಕೊಂಡರು. "ಬೇಡ ಬಿಡಿ, ನನಗೆ ಮಂಡಿನೋವೇ ಇರಲಿ."