ಮುತ್ತತ್ತಿ ಫ್ರಿಜ್ ಮೀಮಾಂಸೆ

ವಿಷಯ: ಮನೆಯ ಫ್ರಿಜ್ಜು. ಸ್ಥಳ: ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಕಾವೇರಿ ದಡ. ಸಂಶಯ: ಒಳಗಿಟ್ಟ ಪದಾರ್ಥ ಮತ್ತೆ ಕೈಗೆ ಸಿಗುತ್ತದೆಯೋ ಇಲ್ಲವೋ.

ಸಂಶಯಕ್ಕೆ ಸ್ಥಳಪುರಾಣದ ಬಲವಿದೆ. ಸೀತೆಯ ಮೂಗುತಿ ಇಲ್ಲಿನ ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟನಂತೆ. ಮುತ್ತತ್ತಿರಾಯನಾಗಿ ನೆಲೆ ನಿಂತನಂತೆ. ಆದರೆ ತರಕಾರಿ ಟ್ರೇ ಹಿಂದಕ್ಕೆ ಸರಿದ ಕೊತ್ತಂಬರಿ ಕಟ್ಟನ್ನು ಎತ್ತಿಕೊಟ್ಟ ದೈವ ಯಾವ ಪುರಾಣದಲ್ಲೂ ಇಲ್ಲ.

ಇನ್ನು ಚರಿತ್ರೆ. ಇದೇ ಹೊಳೆಯ ಮೇಲ್ಗಡೆ, ಶಿವನಸಮುದ್ರದಲ್ಲಿ, 1902ರಲ್ಲೇ ಕರೆಂಟು ಹುಟ್ಟಿತು. ಹುಟ್ಟಿದ್ದೇ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೂ ಹೋಯಿತು. ಪದೇ ಪದೇ ಹೋಗುವ ಚಾಳಿ ಅದಕ್ಕೆ ಆಗಲೇ ಅಂಟಿದ್ದೆಂದು ಈ ಪ್ರಬಂಧಕಾರನ ಮತ. ಬಾಗಿಲು ಮುಚ್ಚಿದ್ದರೆ ಕರೆಂಟು ಹೋದ ಮೇಲೂ ಸುಮಾರು 4 ಗಂಟೆ ಫ್ರಿಜ್ಜಿನೊಳಗೆ ತಂಪು ನಿಲ್ಲುತ್ತದೆ. ನಿಂತಿದೆಯೇ ಎಂದು ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡುವ ಸಂಶೋಧಕರ ಮನೆಯಲ್ಲಿ ಮಾತ್ರ ನಿಲ್ಲುವುದಿಲ್ಲ.

ಸಿದ್ಧಾಂತವೇನೆಂದರೆ, ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ. ಹಿಂಬದಿಯ ಕೊಳವೆಗಳು ಬೆಚ್ಚಗಿರುವುದು ಅದಕ್ಕೇ. ಆ ಬಿಸಿ ಹೋಗಲು ಗೋಡೆಗೂ ಅದಕ್ಕೂ ನಡುವೆ ಜಾಗ ಬೇಕು. ನಮ್ಮವರೋ ಅದೇ ಸಂದಿಗೆ ಖಾಲಿ ಗೋಣಿಚೀಲ, ಮಡಚಿದ ಚಾಪೆ, ಹಳೇ ಕ್ಯಾಲೆಂಡರು ತುರುಕಿ, ತಲೆಯ ಮೇಲೊಂದು ಕಸೂತಿ ಬಟ್ಟೆ ಹೊದಿಸುತ್ತಾರೆ, ಚಳಿಯಾದೀತೆಂದು.

ಬಿಸಿ ಸಾರಿನ ಪಾತ್ರೆಯನ್ನು ನೇರ ಒಳಗಿಡಬಹುದೇ ಎಂಬಲ್ಲಿ ಎರಡು ಪಂಥ. ಇಡಬಾರದು, ಹಾಗಂತ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಲೂಬಾರದು ಎನ್ನುವುದು ಸೊಸೆ ಪಂಥ. ಅತ್ತೆ ಪಂಥದ ತಕರಾರು ಹೆಚ್ಚು ಮೂಲಭೂತವಾದದ್ದು.

“ಚೆಲ್ಲಬ್ಯಾಡ ಕಣವ್ವ, ಫ್ರಿಜ್ಜಿಗೆ ಮಡಗು. ನಾಳೀಕಾಯ್ತದೆ.”

“ಇದು ಹೋದ ಭಾನುವಾರದ್ದು ಕಣತ್ತೆ.”

“ಮತ್ತೆ ಫ್ರಿಜ್ಜು ಯಾಕವ್ವ ತಂದದ್ದು?”

ಈ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟಿದೆ, ಅತ್ತೆ ಒಪ್ಪಿಲ್ಲ. 4 ಡಿಗ್ರಿಯಲ್ಲಿ ಕ್ರಿಮಿಗಳು ಸಾಯುವುದಿಲ್ಲ, ನಿಧಾನವಾಗುತ್ತವೆ, ಅಷ್ಟೆ. ಬೇಯಿಸಿದ ಅಡುಗೆಗೆ ಮೂರು ನಾಲ್ಕು ದಿನ ಆಯುಸ್ಸು. ಆಮೇಲೆ ಫ್ರಿಜ್ಜು ಮಾಡುವುದು ಚೆಲ್ಲುವ ಪಾಪವನ್ನು ಮುಂದಕ್ಕೆ ಹಾಕುವ ಕೆಲಸವೊಂದನ್ನೇ. ಬಸ್ಸಾರು ಮೊದಲ ದಿನ ಪಾತ್ರೆಯಲ್ಲಿ, ಮರುದಿನ ಡಬ್ಬಿಯಲ್ಲಿ, ಅದರ ಮರುದಿನ ಲೋಟದಲ್ಲಿ ಇರುತ್ತದೆ. ಲೋಟ ತಲುಪಿದ್ದು ಮೋಕ್ಷಕ್ಕೆ ಹತ್ತಿರ.

ಫ್ರೀಜರು ಪ್ರತ್ಯೇಕ ಶಾಸ್ತ್ರ, ಪುರಾತತ್ತ್ವದ ಕಡೆಯದು. ಮೈನಸ್ 18 ಡಿಗ್ರಿ ಇರಬೇಕೆಂಬುದು ನಿಯಮ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಕಾಲಿಂಚು ಹಿಮ ಕಟ್ಟಿದರೆ ಡಿಫ್ರಾಸ್ಟ್ ಗುಂಡಿ ಒತ್ತಬೇಕು. ಒತ್ತದೆ ಬಿಟ್ಟ ಮನೆಯಲ್ಲಿ ಐಸ್ ಟ್ರೇ ಅಂಟಿಕೊಂಡಿದೆ, ಅದರಡಿ ಕಪ್ಪು ಕವರು, ಕವರಿನಲ್ಲಿ ಯಾವ ಹಬ್ಬದ್ದೋ ತಲೆಕಾಲು. ಉತ್ಖನನಕ್ಕೆ ಚಾಕು ಹಿಡಿದು ಕುಟ್ಟಿದರೆ ಗೋಡೆಯೊಳಗಿನ ಕೊಳವೆ ತೂತಾಗಿ ಗ್ಯಾಸು ಬುಸ್ಸೆನ್ನುತ್ತದೆ. ಆಮೇಲೆ ಅದು ಬೆಲೆಬಾಳುವ ಬೀರು.

ಮಲ್ಲಿಗೆ ದಂಡೆಯನ್ನು ಒದ್ದೆ ಬಾಳೆ ಎಲೆಯಲ್ಲಿ ಸುತ್ತಿ ಹಾಲಿನ ಪಕ್ಕ ಇಡುವುದರಿಂದ ಬೆಳಗಿನ ಕಾಫಿ ಹೂವಿನ ವಾಸನೆ ಹೊಡೆಯುತ್ತದೆ. ಇದನ್ನು ದೋಷವೆನ್ನಲು ನಾನು ಸಿದ್ಧನಿಲ್ಲ.

ಬಾಗಿಲ ಸುತ್ತಲಿನ ರಬ್ಬರು ಸಡಿಲವಾಗಿದೆಯೇ ಎಂದು ತಿಳಿಯಲು ಕಾಗದದ ಚೂರು ಸಿಕ್ಕಿಸಿ ಎಳೆಯಬೇಕು. ಸಲೀಸಾಗಿ ಬಂದರೆ ರಬ್ಬರು ಬದಲಿಸುವ ಕಾಲ. ಮುತ್ತತ್ತಿಯಲ್ಲಿ ಈ ಪರೀಕ್ಷೆಯನ್ನು ಕೋತಿಗಳಿಗೂ ವಹಿಸಬಹುದು. ಅಡುಗೆಮನೆ ಕಿಟಕಿ ತೆರೆದಿಟ್ಟರೆ ಸಾಕು. ಬಾಳೆಹಣ್ಣು ಸಮೇತ ಪರೀಕ್ಷಕ ಓಡಿಹೋದರೆ ಬಯ್ಯುವಂತಿಲ್ಲ, ದೇವರ ಕಡೆಯವರು. ಹಾಗೆ ನೋಡಿದರೆ ಬಾಳೆಹಣ್ಣು, ಈರುಳ್ಳಿ, ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟದ್ದೇ ತಪ್ಪು.

ಓದುಗರಲ್ಲಿ ಒಂದೇ ವಿನಂತಿ: ಈ ಪ್ರಬಂಧವನ್ನು ಪಕ್ಕಕ್ಕಿಟ್ಟು ಎದ್ದು ಹೋಗಿ, ಕೊನೇ ಸಾಲಿನ ಲೋಟದ ಮುಚ್ಚಳ ತೆಗೆದು ನೋಡಿ. ಒಳಗಿರುವುದು ಏನೆಂದು ಹೇಳಲಾಗದಿದ್ದರೆ ಅತ್ತೆ ಏಳುವ ಮೊದಲೇ ತಿಪ್ಪೆಗೆ ಸುರಿದು ಬನ್ನಿ.